ಕೊಯ್ಯುವುದಕ್ಕೆ ಮುಂಚಿನ ಎಂಟು ವಾರ

ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಕಾಳುಮೆಣಸಿನಷ್ಟು ಗಾತ್ರದ ಕಪ್ಪು ಗುರುತೊಂದಿದೆ ಎಂಬುದನ್ನು ಮೊದಲು ಕಂಡವಳು ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸು. 2022ರ ದೀಪಾವಳಿ ಕಳೆದ ಮೇಲಿನ ದಿನಗಳವು. ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಅವಳು, ನಾನು ಚಹಾ ಕೊಟ್ಟು ತಿರುಗಿದಾಗ, “ಅಮ್ಮಾ, ನಿಮ್ಮ ಕಾಲಿಗೆ ಮುಳ್ಳು ಮುರಿದು ಕೂತಿದೆ ನೋಡಿ” ಎಂದಳು. ಸೂಜಿ ತಂದು ಕೆದಕಿದೆ. ಮುಳ್ಳಿರಲಿಲ್ಲ, ನೋವೂ ಇರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ, ಮೆಲನಿನ್ ಎಂಬ ವರ್ಣದ್ರವ್ಯ ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆಂದು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದ ನನಗೆ, ಬಿಸಿಲೇ ಕಾಣದ ಅಂಗಾಲಿನಲ್ಲಿ ಆ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳೇ ಕ್ಯಾನ್ಸರ್ ಆಗಬಹುದೆಂಬುದು ಗೊತ್ತಿರಲಿಲ್ಲ. ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರುವ ಕಾಯಿಲೆ ಎಂದೇ ನಂಬಿದ್ದೆ.

ಮರುವರ್ಷದ ಮಳೆಗಾಲದ ಹೊತ್ತಿಗೆ ಗುರುತು ನಾಲ್ಕಾಣೆಯ ಅಗಲಕ್ಕೆ ಹರಡಿ, ಒಂದು ಅಂಚು ಕಂದಾಗಿಯೂ ಇನ್ನೊಂದು ಅಂಚು ಇದ್ದಿಲಿನಂತೆಯೂ ಕಾಣತೊಡಗಿತು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಆಣಿ ಆಗುವುದು ಸಹಜವೆಂದು ಹೇಳಿದ ವೈದ್ಯರೊಬ್ಬರು ಎರಡು ಸಲ ಆಸಿಡ್ ಹಚ್ಚಿ ಸುಟ್ಟರು, ಮೂರನೆಯ ಸಲ ಬ್ಲೇಡಿನಿಂದ ಕೆತ್ತಿ ತೆಗೆದು, ತೆಗೆದ ತುಣುಕನ್ನು ಹತ್ತಿಯ ಜೊತೆಗೆ ಕಸದ ಬುಟ್ಟಿಗೆ ಹಾಕಿದರು. ಆ ತುಣುಕು ಪರೀಕ್ಷೆಗೆ ಹೋಗಿದ್ದರೆ ನನಗೆ ಹೆಚ್ಚುಕಡಿಮೆ ಒಂದೂವರೆ ವರ್ಷ ಉಳಿಯುತ್ತಿತ್ತು. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಗುರುತು ಮತ್ತೆ ಬೆಳೆದಾಗಲೂ ಸುಮ್ಮನಿದ್ದವಳು ನಾನೇ. 2025ರ ಸಂಕ್ರಾಂತಿಯ ಮರುದಿನ ಸ್ನಾನ ಮಾಡುತ್ತಿದ್ದಾಗ ಎಡ ತೊಡೆಸಂದಿಯಲ್ಲಿ ಸುಲಿದ ಅಡಿಕೆಯಷ್ಟು ಗಟ್ಟಿಯಾದ ಗಂಟೊಂದು ಕೈಗೆ ಸಿಕ್ಕಿತು. ಕಾಲಿಗೆ ಗಾಯವಾದಾಗ ಅಲ್ಲಿ ಗಂಟು ಕಟ್ಟಿ ನೋಯುವುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಈ ಗಂಟು ಒತ್ತಿದರೂ ನೋಯುತ್ತಿರಲಿಲ್ಲ.

ಶಿವಮೊಗ್ಗದ ಚರ್ಮರೋಗ ತಜ್ಞೆ ಹಿಮ್ಮಡಿಗೆ ಜೆಲ್ ಹಚ್ಚಿ, ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಿಟ್ಟು ನೋಡಿ, ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ನನಗೂ ತೋರಿಸಿದರು. ಅಂಗಾಲಿನ ಚರ್ಮವೆಂದರೆ ಉತ್ತ ಗದ್ದೆಯಂತೆ ಒಂದು ದಿಣ್ಣೆ, ಒಂದು ಸಾಲು, ಮತ್ತೆ ಒಂದು ದಿಣ್ಣೆ, ಒಂದು ಸಾಲು. ನಿರಪಾಯಕಾರಿ ಮಚ್ಚೆಯಾದರೆ ಬಣ್ಣ ಸಾಮಾನ್ಯವಾಗಿ ಸಾಲುಗಳಲ್ಲಿ ನಿಲ್ಲುತ್ತದೆ, ಮೆಲನೋಮಾ ಎಂಬ ವರ್ಣಕೋಶಗಳ ಕ್ಯಾನ್ಸರ್ ಆದರೆ ದಿಣ್ಣೆಗಳ ಮೇಲೆ ಕೂರುತ್ತದೆ ಎಂದು ಅವರು ವಿವರಿಸಿದರು. ನನ್ನ ಚಿತ್ರದಲ್ಲಿ ದಿಣ್ಣೆಗಳೇ ಕಪ್ಪಾಗಿದ್ದವು. ಬಯಾಪ್ಸಿಯಲ್ಲಿ ಗೆಡ್ಡೆಯ ಆಳ 4.2 ಮಿಲಿಮೀಟರ್ ಎಂದು ಬಂತು. ತೊಡೆಸಂದಿನ ಗಂಟಿಗೆ ಸೂಜಿ ಹಾಕಿ ತೆಗೆದ ಕೋಶಗಳಲ್ಲೂ ಅದೇ ಮೆಲನೋಮಾ ಕಂಡಿತು. ಪೆಟ್ ಸ್ಕ್ಯಾನಿನಲ್ಲಿ ಹಿಮ್ಮಡಿ ಮತ್ತು ತೊಡೆಸಂದು ಬಿಟ್ಟರೆ ಬೇರೆಲ್ಲೂ ರೋಗ ಸೂಚಿಸುವ ಹೊಳಪು ಇರಲಿಲ್ಲ, ಮಿದುಳಿನ ಎಂಆರ್‌ಐ ಕೂಡ ಸ್ವಚ್ಛವಾಗಿತ್ತು. ಮೂರನೆಯ ಹಂತ ಎಂದರು. ಅಂದರೆ ರೋಗ ಹುಟ್ಟಿದ ಜಾಗದಿಂದ ಹತ್ತಿರದ ದುಗ್ಧಗ್ರಂಥಿಗೆ, ಎಂದರೆ ತೊಡೆಸಂದಿನ ಆ ಗಂಟಿಗೆ, ಹರಡಿದೆ, ದೂರಕ್ಕೆ ಹೋದದ್ದು ಕಾಣುತ್ತಿಲ್ಲ. ಕೊಯ್ದು ತೆಗೆಯಬಹುದು, ಆದರೆ ತೆಗೆದ ಮೇಲೂ ಮರಳಿ ಬರುವ ಅಪಾಯ ಹೆಚ್ಚು.

ಮೊದಲು ಭೇಟಿಯಾದ ಶಸ್ತ್ರಚಿಕಿತ್ಸಕರು ಮುಂದಿನ ವಾರವೇ ಕೊಯ್ಯೋಣವೆಂದರು. ನಮಗೂ ಅದೇ ಬೇಕಿತ್ತು. ಆದರೆ ಬೆಂಗಳೂರಿನಲ್ಲಿರುವ ಮಗ, “ಅಮ್ಮ, ಒಂದೇ ಒಂದು ಕಡೆ ಇನ್ನೊಂದು ಅಭಿಪ್ರಾಯ ಕೇಳೋಣ, ಆಮೇಲೆ ನೀನು ಹೇಳಿದ ಹಾಗೆ” ಎಂದು ಹಟ ಹಿಡಿದ. ಬೆಳಗಿನ ಜನಶತಾಬ್ದಿಯಲ್ಲಿ ನಾನೂ ನಮ್ಮ ಯಜಮಾನರೂ ಬೆಂಗಳೂರಿಗೆ ಹೋದೆವು. ಅಲ್ಲಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು, ಔಷಧ ಚಿಕಿತ್ಸೆಯ ತಜ್ಞರು, ಪೆಥಾಲಜಿಯವರು, ವಿಕಿರಣದವರು ಒಟ್ಟಿಗೆ ಕುಳಿತು ಒಬ್ಬೊಬ್ಬ ರೋಗಿಯ ವಿಷಯವನ್ನು ಚರ್ಚಿಸುವ ಟ್ಯೂಮರ್ ಬೋರ್ಡ್ ಎಂಬ ವ್ಯವಸ್ಥೆ ಇತ್ತು. ಅದರ ತೀರ್ಮಾನವನ್ನು ನಮಗೆ ತಿಳಿಸಿದ ತಜ್ಞೆ, ಆರು ವಾರ ಕೊಯ್ಯುವುದು ಬೇಡ, ಮೊದಲು ಎರಡು ಔಷಧಗಳನ್ನು ಜೊತೆಯಾಗಿ ಎರಡು ಸಲ ಕೊಡೋಣ, ಆಮೇಲೆ ಕೊಯ್ಯೋಣ ಎಂದರು.

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಅವರ ಸಿಟ್ಟಿಗೆ ಅರ್ಥವಿತ್ತು. ಕೊಳೆರೋಗ ತಗುಲಿದ ಅಡಿಕೆಗೊನೆಯನ್ನು ಮರದಲ್ಲೇ ಬಿಟ್ಟು ಆರು ವಾರ ಕಾಯುವ ಅಡಿಕೆ ಬೆಳೆಗಾರ ಇಡೀ ಮಲೆನಾಡಿನಲ್ಲಿ ಸಿಗಲಾರ. ಕಂಡ ದಿನವೇ ಇಳಿಸಿ, ಉದುರಿದ್ದನ್ನೂ ಆರಿಸಿ, ತೋಟದಿಂದ ಹೊರಗೆ ಸಾಗಿಸುವುದು ನಮ್ಮ ಪದ್ಧತಿ. “ಕೈಗೆ ಸಿಗುವ ಗಂಟನ್ನು ಒಳಗೇ ಇಟ್ಟುಕೊಂಡು ಕೂರುವುದು ಯಾವ ಚಿಕಿತ್ಸೆ ಡಾಕ್ಟರೇ?” ಎಂದು ಕೇಳಿದರು. ಆಕೆ ಬೇಸರಪಟ್ಟುಕೊಳ್ಳದೆ, ನಿಮ್ಮ ಕಡೆ ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಂಡಿದ್ದಿರಲ್ಲ, ಅದು ಏನು ಮಾಡುತ್ತಿತ್ತು ಎಂದು ನನ್ನನ್ನೇ ಕೇಳಿದರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ರೋಗದ ಪಾಠವನ್ನು ನಾನೇ ಮಕ್ಕಳಿಗೆ ಮಾಡಿದ್ದೆ. ಕೊಂದ ವೈರಸ್ಸನ್ನು ದೇಹಕ್ಕೆ ಮೊದಲೇ ತೋರಿಸಿ ಗುರುತು ಹಿಡಿಸುವುದು ಎಂದು ಹೇಳಿದೆ. “ಇಲ್ಲಿ ತೋರಿಸಬೇಕಾದದ್ದು ಆ ಗಂಟನ್ನೇ, ಟೀಚರ್. ಅದನ್ನು ತೆಗೆದುಬಿಟ್ಟರೆ ಯಾವುದನ್ನು ತೋರಿಸಿ ಕಲಿಸೋಣ?” ಎಂದರು.

ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ನಮ್ಮ ರಕ್ತದ ಟಿ ಕೋಶಗಳಿಗೆ ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲುವ ಶಕ್ತಿಯಿದೆ, ಆದರೆ ಅವು ನಮ್ಮದೇ ಅಂಗಗಳ ಮೇಲೆ ಹರಿಹಾಯದಿರಲೆಂದು ಅವುಗಳಿಗೆ ಬ್ರೇಕುಗಳೂ ಇವೆ. ಸಿಟಿಎಲ್‌ಎ-4 ಎಂಬ ಬ್ರೇಕು ಮುಖ್ಯವಾಗಿ ದುಗ್ಧಗ್ರಂಥಿಯಲ್ಲಿ, ಟಿ ಕೋಶಗಳು ಕಲಿತು ಸಂಖ್ಯೆಯಲ್ಲಿ ಹೆಚ್ಚುವ ಹಂತದಲ್ಲಿ ಕೆಲಸ ಮಾಡುತ್ತದೆ. ಪಿಡಿ-1 ಎಂಬುದು ಅವು ಗೆಡ್ಡೆಯನ್ನು ತಲುಪಿದ ಮೇಲೆ ಅಲ್ಲಿ ಅವನ್ನು ಸುಸ್ತು ಮಾಡುತ್ತದೆ. ಈ ಎರಡು ಬ್ರೇಕುಗಳ ಕುರಿತ ಶೋಧಕ್ಕಾಗಿ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇಪಿಲಿಮುಮ್ಯಾಬ್ ಮೊದಲನೆಯ ಬ್ರೇಕನ್ನು, ನಿವೋಲುಮ್ಯಾಬ್ ಎರಡನೆಯದನ್ನು ಸಡಿಲಿಸುತ್ತವೆ. ಗೆಡ್ಡೆ ಒಳಗಿರುವಾಗಲೇ ಔಷಧ ಕೊಟ್ಟರೆ ಟಿ ಕೋಶಗಳಿಗೆ ಗೆಡ್ಡೆಯ ನಾನಾ ಗುರುತುಗಳು ಒಟ್ಟಿಗೆ ಸಿಗುತ್ತವೆ, ಆಗ ಕಲಿತ ಕೋಶಗಳ ಬಳಗ ದೊಡ್ಡದಾಗಿರುತ್ತದೆ, ಮತ್ತು ಸ್ಕ್ಯಾನಿಗೆ ಕಾಣದೆ ಬೇರೆಡೆ ಅಡಗಿರಬಹುದಾದ ಕೋಶಗಳನ್ನೂ ಅದು ಹುಡುಕಬಲ್ಲದು. ಇದೆಲ್ಲ ಕೇಳಿದ ಯಜಮಾನರು, “ಆಗುಂಬೆ ಘಾಟಿ ಇಳಿಯುವ ಬಸ್ಸಿಗೆ ಎರಡೂ ಬ್ರೇಕು ತೆಗೆದರೆ ಏನಾಗುತ್ತದೆ?” ಎಂದರು. ತಜ್ಞೆ ನಕ್ಕು, ಅಪಾಯವೂ ಸರಿಯಾಗಿ ಅದೇ ಎಂದರು.

ಆಕೆ ಹಾಳೆಯ ಮೇಲೆ ಬರೆದುಕೊಟ್ಟ ಅಂಕಿಗಳು ಈಗಲೂ ನನ್ನ ಫೈಲಿನಲ್ಲಿವೆ. 2023ರಲ್ಲಿ ಪ್ರಕಟವಾದ ಎಸ್1801 ಎಂಬ ಪ್ರಯೋಗದಲ್ಲಿ 313 ರೋಗಿಗಳಿದ್ದರು. ಎರಡೂ ಗುಂಪಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಒಂದೇ ಔಷಧದ 18 ಡೋಸುಗಳ ಲೆಕ್ಕ. ಒಂದು ಗುಂಪಿಗೆ ಹದಿನೆಂಟನ್ನೂ ಶಸ್ತ್ರಚಿಕಿತ್ಸೆಯ ನಂತರ ಕೊಟ್ಟರು, ಇನ್ನೊಂದಕ್ಕೆ ಮೂರನ್ನು ಮೊದಲು, ಹದಿನೈದನ್ನು ಆಮೇಲೆ. ಎರಡು ವರ್ಷದ ಹೊತ್ತಿಗೆ ರೋಗ ಮರುಕಳಿಸುವುದೇ ಮೊದಲಾದ ಕೆಡುಕಿಲ್ಲದೆ ಉಳಿದವರು ಮೊದಲ ಗುಂಪಿನಲ್ಲಿ ಶೇ. 49, ಎರಡನೆಯದರಲ್ಲಿ ಶೇ. 72. ಔಷಧವೂ ಅಷ್ಟೇ, ಕತ್ತಿಯೂ ಅದೇ. ಬದಲಾದದ್ದು ಕ್ರಮ ಮಾತ್ರ. ನನ್ನ ಮನಸ್ಸು ತಿರುಗಿದ್ದು ಈ ಲೆಕ್ಕವನ್ನು ನೋಡಿಯೇ. ಮರುವರ್ಷ, 2024ರ ಜೂನ್‌ನಲ್ಲಿ, ನೆದರ್ಲೆಂಡ್ಸಿನ ಕ್ರಿಶ್ಚಿಯನ್ ಬ್ಲ್ಯಾಂಕ್ ಅವರ ಮುಂದಾಳುತನದ ನಾಡೀನಾ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ 423 ರೋಗಿಗಳು. ಎರಡು ಔಷಧಗಳನ್ನು ಜೊತೆಯಾಗಿ ಎರಡು ಸಲ ಪಡೆದು ಆಮೇಲೆ ಶಸ್ತ್ರಚಿಕಿತ್ಸೆಗೆ ಹೋಗುವ ಗುಂಪಿನಲ್ಲಿ ಒಂದು ವರ್ಷದ ನಂತರ ಕೆಡುಕಿಲ್ಲದೆ ಉಳಿದವರು ಶೇ. 83.7, ಮೊದಲು ಕೊಯ್ಸಿಕೊಂಡು ಆಮೇಲೆ ನಿವೋಲುಮ್ಯಾಬ್ ಪಡೆಯುವ ಗುಂಪಿನಲ್ಲಿ ಶೇ. 57.2. ಆದರೆ ಗಂಭೀರ ಅಡ್ಡಪರಿಣಾಮ ಅನುಭವಿಸಿದವರೂ ಜೋಡಿ ಔಷಧದ ಗುಂಪಿನಲ್ಲಿ ಸುಮಾರು ಎರಡರಷ್ಟು: ಶೇ. 14.7ಕ್ಕೆ ಪ್ರತಿಯಾಗಿ ಶೇ. 29.7.

ಆ ಹಾಳೆಯ ಕೆಳಗೆ ಆಕೆ ಇನ್ನೊಂದು ಸಾಲನ್ನು ತಾವಾಗಿಯೇ ಸೇರಿಸಿದರು, ಮತ್ತು ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿದ್ದು ಅದರಿಂದ. ಈ ರೋಗಿಗಳಲ್ಲಿ ಹೆಚ್ಚಿನವರು ಬಿಸಿಲಿನ ಹೊಡೆತದಿಂದ ಹುಟ್ಟುವ ಬಗೆಯ ಮೆಲನೋಮಾ ಇದ್ದ ಬಿಳಿಯರು. ಬಿಸಿಲು ಕೋಶದ ಜೀನ್‌ಗಳನ್ನು ಬಹಳ ಕಡೆ ಹಾಳುಮಾಡಿರುವುದರಿಂದ ಅಂಥ ಗೆಡ್ಡೆಯನ್ನು ಟಿ ಕೋಶಗಳು ಸುಲಭವಾಗಿ ಗುರುತು ಹಿಡಿಯುತ್ತವೆ. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಹುಟ್ಟುವ, ನಮ್ಮ ದೇಶದವರಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಬಿಸಿಲು ಕಾರಣವಲ್ಲ, ಅದರಲ್ಲಿ ಅಂಥ ಗುರುತುಗಳು ಕಡಿಮೆ, ಆದ್ದರಿಂದ ಔಷಧಕ್ಕೆ ಸ್ಪಂದಿಸುವುದೂ ಕಡಿಮೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳ ಉಗುರಿನಡಿಯಲ್ಲಿ ಹುಟ್ಟಿದ ಇದೇ ಬಗೆಯಿಂದ ಎಂದು ಮಗ ಆಮೇಲೆ ಹೇಳಿದ. ಬಿಆರ್‌ಎಎಫ್ ಎಂಬ ಜೀನಿನ ಬದಲಾವಣೆ ಇದ್ದಿದ್ದರೆ ಮಾತ್ರೆಯ ದಾರಿಯೂ ಇರುತ್ತಿತ್ತಂತೆ; ನನ್ನ ಗೆಡ್ಡೆಯಲ್ಲಿ ಅದು ಸಿಗಲಿಲ್ಲ. “ಅಂಕಿಗಳಷ್ಟು ಫಲ ನಿಮಗೆ ಸಿಗುತ್ತದೆಂದು ನಾನು ಹೇಳಲಾರೆ, ಒಂದೇ ಔಷಧಕ್ಕಿಂತ ಎರಡು ಸೇರಿದರೆ ಅವಕಾಶ ಹೆಚ್ಚು ಎಂದಷ್ಟೇ ಹೇಳಬಲ್ಲೆ” ಎಂದರು. ಒಪ್ಪಿಗೆಯ ಕಾಗದಕ್ಕೆ ಮೊದಲು ನಾನು ಸಹಿ ಹಾಕಿದೆ. ಯಜಮಾನರು ಹೊರಗೆ ಹೋಗಿ ಒಂದು ಎಲೆಯಡಿಕೆಯ ಕವಳ ಹಾಕಿಕೊಂಡು ಬಂದು ಸಾಕ್ಷಿಯ ಸಹಿ ಹಾಕಿದರು.

ಕಾಗದಪತ್ರದ ಕಷ್ಟವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ನಿವೋಲುಮ್ಯಾಬ್ ಆಸ್ಪತ್ರೆಯ ಔಷಧಾಲಯದಲ್ಲೇ ಇತ್ತು. ಇಪಿಲಿಮುಮ್ಯಾಬನ್ನು ಸ್ವಂತ ಬಳಕೆಗೆಂದು ವಿದೇಶದಿಂದ ತರಿಸಬೇಕಾಯಿತು. ಅದಕ್ಕೆ ವೈದ್ಯರ ಚೀಟಿಯೊಂದಿಗೆ ಕೇಂದ್ರದ ಔಷಧ ನಿಯಂತ್ರಣ ಇಲಾಖೆಗೆ ನಮೂನೆ 12-ಎಯಲ್ಲಿ ಅರ್ಜಿ ಹಾಕಿ 12-ಬಿಯಲ್ಲಿ ಪರವಾನಗಿ ಪಡೆಯುವ ಕ್ರಮವಿದೆ. ಅದನ್ನೆಲ್ಲ ಮಗ ಓಡಾಡಿ ಮಾಡಿಸಿದ. ವಿಮಾ ಕಂಪನಿಯವರು ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತೇವೆ, ಅದಕ್ಕೆ ಮುಂಚಿನ ಈ ಔಷಧಕ್ಕೆ ಕೊಡುವುದಿಲ್ಲ ಎಂದರು. ರಾಶಿ ಅಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ದರ ಇನ್ನೂ ಏರಲೆಂದು ಇಟ್ಟುಕೊಂಡಿದ್ದ ಚೀಲಗಳೆಲ್ಲ ಒಂದೇ ವಾರದಲ್ಲಿ ಶಿವಮೊಗ್ಗದ ಮಂಡಿಗೆ ಹೋದವು, ಸಾಲದ್ದಕ್ಕೆ ನನ್ನ ನಾದಿನಿ ಕೇಳದೆಯೇ ತನ್ನ ಠೇವಣಿ ಮುರಿದು ತಂದುಕೊಟ್ಟಳು. ಒಂದು ಸಂಗತಿ ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ. ನನಗೆ ಬೇಕಾದದ್ದು 80 ಮಿಲಿಗ್ರಾಂ, ಬಂದ ಶೀಷೆಗಳು 50 ಮಿಲಿಗ್ರಾಮಿನವು. ಪ್ರತಿ ಸಲವೂ ಎರಡು ಶೀಷೆ ಒಡೆದು, ಉಳಿದ 20 ಮಿಲಿಗ್ರಾಮನ್ನು ಚೆಲ್ಲಬೇಕಾಯಿತು. ಆ ಶೀಷೆಯ ತಳದಲ್ಲಿ ಉಳಿದದ್ದು ನಮ್ಮ ತೋಟದ ಎಷ್ಟು ಮರದ ಫಸಲೆಂದು ನಾನು ಲೆಕ್ಕ ಹಾಕಿದ್ದೇನೆ, ಬರೆಯುವುದಿಲ್ಲ.

2025ರ ಮಾರ್ಚ್ 18ರ ಮಂಗಳವಾರ ಮೊದಲ ಡೋಸು. ಕೀಮೋಥೆರಪಿ ಎಂದರೆ ಕೂದಲು ಉದುರುವುದು, ವಾಂತಿ ಎಂದು ಹೆದರಿ, ಊರಿನಿಂದ ಲಿಂಬೆಹಣ್ಣು, ಶುಂಠಿ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಇದು ಕೀಮೋ ಅಲ್ಲ ಎಂದು ದಾದಿ ಮೂರು ಸಲ ಹೇಳಬೇಕಾಯಿತು. ಡೇ ಕೇರ್ ಕೋಣೆಯ ಒರಗು ಕುರ್ಚಿಯಲ್ಲಿ ಕುಳ್ಳಿರಿಸಿ, ಮೊದಲು 240 ಮಿಲಿಗ್ರಾಂ ನಿವೋಲುಮ್ಯಾಬನ್ನು ಅರ್ಧ ಗಂಟೆ, ಸ್ವಲ್ಪ ಹೊತ್ತು ಬಿಟ್ಟು ಇಪಿಲಿಮುಮ್ಯಾಬನ್ನು ಅರ್ಧ ಗಂಟೆ ಸಲೈನಿನಂತೆಯೇ ಹನಿಹನಿಯಾಗಿ ಇಳಿಸಿದರು. ಎರಡೂ ನೀರಿನಂತೆ ಬಣ್ಣವಿಲ್ಲದವು. ಏನೂ ಆಗಲಿಲ್ಲ. ಇಷ್ಟು ದುಡ್ಡು ಸುರಿದು ಏನೂ ಆಗದಿರುವುದು ಸರಿಯೇ ಎಂದು ಸಂಶಯಪಡುತ್ತ ರಾತ್ರಿಯ ರೈಲಿನಲ್ಲಿ ಊರಿಗೆ ಮರಳಿದೆವು. ಹೊರಡುವಾಗ ದಾದಿ ಅಂಗೈಯಗಲದ ಹಳದಿ ಚೀಟಿಯೊಂದನ್ನು ಕೊಟ್ಟು, ಅದನ್ನು ಯಾವಾಗಲೂ ಪರ್ಸಿನಲ್ಲಿ ಇಟ್ಟುಕೊಂಡಿರಬೇಕೆಂದು ತಾಕೀತು ಮಾಡಿದ್ದಳು. ಯಾವ ಊರಿನ ಯಾವ ವೈದ್ಯರಿಗಾದರೂ ಮೊದಲು ಅದನ್ನು ತೋರಿಸಬೇಕು, ಏಕೆಂದರೆ ಈ ಔಷಧ ಪಡೆದವರ ಭೇದಿ, ಕೆಮ್ಮು, ತಲೆನೋವು, ಸುಸ್ತು ಇವು ಮಾಮೂಲಿ ಭೇದಿ, ಕೆಮ್ಮು ಆಗಿರದೆ, ಬ್ರೇಕು ಕಳೆದುಕೊಂಡ ಟಿ ಕೋಶಗಳು ಕರುಳು, ಶ್ವಾಸಕೋಶ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗಳ ಮೇಲೆ ಎರಗಿದ್ದರ ಸೂಚನೆ ಆಗಿರಬಹುದು.

ಆರನೆಯ ದಿನಕ್ಕೆ ತೊಡೆಸಂದಿನ ಗಂಟು ಊದಿತು. ನಾನು ಅದನ್ನು ರಾತ್ರಿ ಹೊತ್ತು ಮುಟ್ಟಿ ನೋಡುವ ಚಟಕ್ಕೆ ಬಿದ್ದಿದ್ದೆ. ದೀಪ ಆರಿಸಿದ ಮೇಲೆ ಎಡಗೈಯ ಎರಡು ಬೆರಳು ತಾವಾಗಿಯೇ ಅಲ್ಲಿಗೆ ಹೋಗುತ್ತಿದ್ದವು. ಸುಲಿದ ಅಡಿಕೆಯಷ್ಟಿದ್ದದ್ದು ಸಿಪ್ಪೆಯಿರುವ ಗೋಟಿನಷ್ಟಾಗಿ, ಮೇಲಿನ ಚರ್ಮ ಬೆಚ್ಚಗಾಗಿ, ಮೊದಲ ಬಾರಿಗೆ ನೋಯತೊಡಗಿತು. ಕೊಯ್ಯಬೇಕಾದ ಹೊತ್ತಿನಲ್ಲಿ ಕೊಯ್ಯದೆ ಬಿಟ್ಟೆವಲ್ಲ ಎಂದು ನನಗೆ ಆ ವಾರ ನಿದ್ದೆ ಬರಲಿಲ್ಲ, ಯಜಮಾನರಿಗೆ ಹೇಳಲೂ ಇಲ್ಲ. ಯುಗಾದಿಯ ಬೇವುಬೆಲ್ಲ ತಿನ್ನುವಾಗ ಕೈ ನಡುಗಿದ್ದು ನೆನಪಿದೆ. ಏಪ್ರಿಲ್ 8ರ ಎರಡನೆಯ ಡೋಸಿಗೆ ಹೋದಾಗ ಅಲ್ಟ್ರಾಸೌಂಡಿನಲ್ಲಿ ಗಂಟು 22 ಮಿಲಿಮೀಟರಿನಿಂದ 26ಕ್ಕೆ ಏರಿತ್ತು. ತಜ್ಞೆ ಇದು ರೋಗ ಬೆಳೆದದ್ದಾಗಿರಬಹುದು, ಟಿ ಕೋಶಗಳು ಒಳನುಗ್ಗಿ ಉರಿಯೂತವಾದದ್ದೂ ಆಗಿರಬಹುದು, ಸ್ಕ್ಯಾನು ಎರಡನ್ನೂ ಬೇರೆಮಾಡಿ ತೋರಿಸದು ಎಂದರು. ನೋವು ಮತ್ತು ಬಿಸಿ ಇರುವುದರಿಂದ ಎರಡನೆಯದೇ ಇರಬಹುದೆಂದು ಊಹಿಸಿ, ಬೇರೆ ಕಡೆ ಹೊಸದೇನೂ ಕಾಣದ್ದರಿಂದ ಎರಡನೆಯ ಡೋಸನ್ನು ಕೊಟ್ಟರು. ಈ ಹೊತ್ತಿಗೆ ಬೆನ್ನು, ತೋಳುಗಳಲ್ಲಿ ಕೆಂಪು ದದ್ದು ಎದ್ದು ತುರಿಸುತ್ತಿತ್ತು. ಅದಕ್ಕೆ ಹಚ್ಚುವ ಮುಲಾಮಿನಲ್ಲೇ ಹಿಡಿತ ಸಿಕ್ಕಿತು.

ಎರಡನೆಯ ಡೋಸಿನ ಹನ್ನೊಂದನೆಯ ದಿನ, ಏಪ್ರಿಲ್ 19ರಂದು, ಭೇದಿ ಶುರುವಾಯಿತು. ಮನೆಯಲ್ಲಿ ಅಪ್ಪೆಮಿಡಿ ಉಪ್ಪಿಗೆ ಹಾಕುವ ದಿನಗಳು. ಎರಡು ಹೋಳು ರುಚಿ ನೋಡಿದ್ದಕ್ಕೆ ಹೀಗಾಯಿತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಳದಿ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ದಿನನಿತ್ಯದ ರೂಢಿಗಿಂತ ನಾಲ್ಕು ಸಲ ಹೆಚ್ಚಾದರೆ ಅದೇ ದಿನ ಫೋನ್ ಮಾಡಬೇಕು. ನಾನು ಆರನೆಯ ಸಲ ಹೋಗಿಬಂದ ಮೇಲೂ ಫೋನ್ ಮಾಡಲಿಲ್ಲ. ಕಾರಣ ಇಷ್ಟೇ: ಏಪ್ರಿಲ್ 29ಕ್ಕೆ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು, ಹೇಳಿದರೆ ಅದನ್ನು ಮುಂದೆ ಹಾಕುತ್ತಾರೆ ಎಂಬ ಭಯ. ಯಜಮಾನರು ದಾಳಿಂಬೆ ಸಿಪ್ಪೆಯ ಕಷಾಯ ಮಾಡಿಕೊಟ್ಟರು, ಪಕ್ಕದ ಮನೆಯವರು ಮಜ್ಜಿಗೆಗೆ ಜೀರಿಗೆ ಹುರಿದು ಹಾಕಿ ತಂದರು. ಮರುದಿನ ಮಧ್ಯಾಹ್ನ ಮಲದಲ್ಲಿ ಲೋಳೆ ಕಂಡಾಗ ಮಗನಿಗೆ ಹೇಳಿದೆ. ಅವನು ಫೋನಿನಲ್ಲೇ ಗದರಿದ. ಮಗ ನನ್ನನ್ನು ಗದರಿದ್ದು ಅದೇ ಮೊದಲು.

ಬೆಂಗಳೂರಿನ ತಜ್ಞೆ ಶಿವಮೊಗ್ಗದ ವೈದ್ಯರೊಬ್ಬರೊಂದಿಗೆ ಮಾತಾಡಿದರು. ಆ ಸಂಜೆಯೇ ಅಲ್ಲಿ ದಾಖಲಾದೆ. ಮಲಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ, ಕರುಳಿನ ಕೊನೆಯ ಭಾಗಕ್ಕೆ ಕೊಳವೆ ಹಾಕಿ ನೋಡಿದಾಗ ಒಳಪೊರೆ ಕೆಂಪಾಗಿ ಊದಿಕೊಂಡಿತ್ತು. ಔಷಧದಿಂದಾದ ಕರುಳುರಿಯೂತ, ಮಧ್ಯಮ ದರ್ಜೆಯದು ಎಂದರು. ಏಪ್ರಿಲ್ 21ರಿಂದ ದಿನಕ್ಕೆ 50 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಶುರುವಾಯಿತು. ಮೂರನೆಯ ದಿನಕ್ಕೆ ಭೇದಿ ನಿಂತಿತು. ಆದರೆ ಈ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿರುವಾಗ ಕೊಯ್ದರೆ ಗಾಯ ಮಾಯದು. ಹೀಗಾಗಿ ಆರು ದಿನಕ್ಕೆ ಹತ್ತರಂತೆ ಇಳಿಸುತ್ತ ಬಂದು, ಹತ್ತಕ್ಕೆ ತಲುಪಿದ ಮೇಲೆ ಎಂದರೆ ಮೇ 15ಕ್ಕೆ ಶಸ್ತ್ರಚಿಕಿತ್ಸೆ ಎಂದು ತೀರ್ಮಾನವಾಯಿತು. ಆರು ವಾರ ಎಂಟು ವಾರವಾಯಿತು. ಟಿ ಕೋಶಗಳನ್ನು ಎಬ್ಬಿಸಲು ಮನೆಯ ಅಡಿಕೆಯನ್ನೆಲ್ಲ ಮಾರಿ, ಈಗ ಅವನ್ನೇ ಮಲಗಿಸುವ ಮಾತ್ರೆ ನುಂಗುತ್ತಿದ್ದೇನಲ್ಲ ಎಂದು ತಜ್ಞೆಯನ್ನು ಕೇಳಿದೆ. ಅಡ್ಡಪರಿಣಾಮಕ್ಕಾಗಿ ಸ್ಟೀರಾಯ್ಡ್ ತೆಗೆದುಕೊಂಡವರಲ್ಲೂ ಫಲ ಉಳಿಯುವುದನ್ನು ನೋಡಿದ್ದೇವೆ, ನೀವು ಒಂದೂವರೆ ದಿನ ಬಚ್ಚಿಟ್ಟದ್ದೇ ಹೆಚ್ಚು ಅಪಾಯಕರವಾಗಿತ್ತು, ಕರುಳು ತೂತಾದವರನ್ನೂ ನಾನು ನೋಡಿದ್ದೇನೆ ಎಂದರು. ಅದೇ ವಾರದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿಯೂ ಪೆಟ್ಟು ತಿಂದಿರುವುದು ತಿಳಿಯಿತು. ಕರುಳು ಚೇತರಿಸಿಕೊಂಡಿತು, ಥೈರಾಯ್ಡ್ ಹಾಗೆ ಚೇತರಿಸಿಕೊಳ್ಳುವುದು ಅಪರೂಪ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ಬಹುಶಃ ನನ್ನ ಜೀವಮಾನದ ಜೊತೆಗಾರ.

ಮೇ ಎರಡನೆಯ ವಾರದ ಹೊತ್ತಿಗೆ ಗಂಟು 17 ಮಿಲಿಮೀಟರಿಗೆ ಇಳಿದಿತ್ತು, ನೋವಿರಲಿಲ್ಲ. ಹಾಗಿದ್ದರೆ ಕೊಯ್ಯಲೇಬೇಕೆ ಎಂದು ಈಗ ಕೇಳಿದವರು ನಮ್ಮ ಯಜಮಾನರು! ಗಂಟಿನ ಗಾತ್ರ ನೋಡಿ ಒಳಗೆ ಎಷ್ಟು ಕೋಶ ಬದುಕಿವೆಯೆಂದು ಹೇಳಲಾಗದು, ತೆಗೆದು ಸೂಕ್ಷ್ಮದರ್ಶಕದಡಿ ನೋಡಲೇಬೇಕು ಎಂದು ಶಸ್ತ್ರಚಿಕಿತ್ಸಕರು ಹೇಳಿದರು. ಹಿಮ್ಮಡಿಯ ಗೆಡ್ಡೆಯನ್ನು ಸುತ್ತಲಿನ ಎರಡು ಸೆಂಟಿಮೀಟರ್ ಒಳ್ಳೆಯ ಚರ್ಮದ ಸಮೇತ ತೆಗೆದು, ಬಲತೊಡೆಯ ಚರ್ಮದ ಪದರವನ್ನು ಅಲ್ಲಿಗೆ ಹಚ್ಚಿದರು. ಎಡ ತೊಡೆಸಂದಿನ ಗ್ರಂಥಿಗಳನ್ನೆಲ್ಲ ತೆಗೆದರು. ತೊಡೆಸಂದಿನಿಂದ ಹೊರಬಂದ ನಳಿಕೆಯ ತುದಿಗೆ ಒತ್ತಿದರೆ ಮತ್ತೆ ಅರಳುವ ಪ್ಲಾಸ್ಟಿಕ್ ಡಬ್ಬಿ ಇತ್ತು. ಮೊದಲ ದಿನ ಬಂದ ದ್ರವ ನಸುಗೆಂಪು, 180 ಮಿಲಿಲೀಟರ್. ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗಿತು. ಮಗನ ಮನೆಯಲ್ಲಿ ದಿನವೂ ಬೆಳಿಗ್ಗೆ ಎಂಟಕ್ಕೆ ಅದನ್ನು ಅಳತೆಯ ಲೋಟಕ್ಕೆ ಸುರಿದು ನೋಟುಬುಕ್ಕಿನಲ್ಲಿ ಬರೆಯುವುದು ಯಜಮಾನರ ಕೆಲಸವಾಯಿತು. ಹಾಲಿನ ಡೈರಿಗೆ ಲೆಕ್ಕ ಬರೆದ ಅಭ್ಯಾಸದಿಂದ ಅವರು ಬೆಳಗಿನದು, ಸಂಜೆಯದು ಎಂದು ಎರಡು ಕಾಲಂ ಹಾಕಿದ್ದರು. ಎರಡು ದಿನ ಸತತವಾಗಿ 30ಕ್ಕಿಂತ ಕಡಿಮೆ ಬಂದ ಮೇಲೆ, ಹತ್ತೊಂಬತ್ತನೆಯ ದಿನ ನಳಿಕೆ ತೆಗೆದರು.

ವರದಿ ಬಂದದ್ದು ಅದಕ್ಕೂ ಮೊದಲು, ಹನ್ನೆರಡನೆಯ ದಿನ. ಉಳಿದಿರುವ ಜೀವಂತ ಗೆಡ್ಡೆ ಶೇ. 10 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದನ್ನು ದೊಡ್ಡ ಪ್ರತಿಕ್ರಿಯೆ ಎನ್ನುತ್ತಾರೆ, ನಾಡೀನಾ ಪ್ರಯೋಗದಲ್ಲಿ ಶೇ. 59ರಷ್ಟು ಮಂದಿ ಆ ಗೆರೆ ದಾಟಿದ್ದರು, ಅವರಿಗೆ ಮುಂದೆ ಔಷಧ ಕೊಡಲಿಲ್ಲ ಎಂದು ನನಗೆ ಬಾಯಿಪಾಠವಾಗಿತ್ತು. ನನ್ನ ವರದಿಯಲ್ಲಿ ಹನ್ನೊಂದು ಗ್ರಂಥಿಗಳಲ್ಲಿ ಎರಡರಲ್ಲಿ ರೋಗದ ಗುರುತು. ಒಂದರಲ್ಲಿ ಬದುಕಿದ್ದ ಕೋಶಗಳು ಬೆರಳೆಣಿಕೆಯಷ್ಟು. ಇನ್ನೊಂದರಲ್ಲಿ ಸುಮಾರು ಶೇ. 40, ಒಟ್ಟಾರೆ ಅಂದಾಜು ಶೇ. 30. ಭಾಗಶಃ ಪ್ರತಿಕ್ರಿಯೆ. ನನಗೆ ಅಳು ಬಂತು. ನೂರಕ್ಕೆ ಎಪ್ಪತ್ತು ಅಂಕ ಬಂದ ವಿದ್ಯಾರ್ಥಿನಿಯನ್ನು ನಾನು ಎಂದೂ ಬೈದವಳಲ್ಲ, ಆದರೂ ಬಂತು. ಕೋರಿಕೆಯ ಮೇರೆಗೆ ಪೆಥಾಲಜಿಯ ವೈದ್ಯರು ಗಾಜಿನ ಪಟ್ಟಿಯನ್ನು ತಮ್ಮ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಮೊದಲ ಗ್ರಂಥಿ ಬರಿಗಣ್ಣಿಗೆ ಮಸಿಯ ಉಂಡೆಯಂತೆ ಕಪ್ಪಾಗಿತ್ತಂತೆ, ಎಲ್ಲವೂ ರೋಗವೆಂದೇ ಅನ್ನಿಸುವಂತೆ. ಮಸೂರದಡಿ ನೋಡಿದರೆ ಆ ಕಪ್ಪು ಇದ್ದದ್ದು ಕಸ ನುಂಗುವ ಕೋಶಗಳ ಹೊಟ್ಟೆಯಲ್ಲಿ: ಸತ್ತ ಕ್ಯಾನ್ಸರ್ ಕೋಶಗಳ ಮೆಲನಿನನ್ನು ನುಂಗಿ, ಅರಗಿಸಲಾಗದೆ, ಕಂದುಬಣ್ಣದ ಹರಳುಗಳಂತೆ ತುಂಬಿಕೊಂಡು ಕೂತಿದ್ದವು. ಅವುಗಳ ನಡುವೆ ಗುಲಾಬಿ ನಾರು, ಅಲ್ಲಲ್ಲಿ ನೀಲಿ ಚುಕ್ಕೆಗಳಂತೆ ನನ್ನ ಟಿ ಕೋಶಗಳು. ಎರಡನೆಯ ಪಟ್ಟಿಯಲ್ಲಿ ನೀಲಿ ಚುಕ್ಕೆಗಳು ಕ್ಯಾನ್ಸರ್ ಕೋಶಗಳ ಗುಂಪಿನ ಅಂಚಿನಲ್ಲೇ ನಿಂತಿದ್ದವು, ಒಳಗೆ ಹೋಗಿರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಈರುಳ್ಳಿ ಪೊರೆ ತೋರಿಸಿದ ನನಗೆ ಆ ಎರಡು ಪಟ್ಟಿಗಳನ್ನು ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಮೊದಲೇ ಕೊಯ್ಸಿಕೊಂಡಿದ್ದರೆ ಈ ಔಷಧ ನನ್ನಲ್ಲಿ ಎಷ್ಟು ಕೆಲಸ ಮಾಡುತ್ತದೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ತಜ್ಞೆ ಹೇಳಿದರು. ಈಗ ಗೊತ್ತಿರುವುದರಿಂದ ಮುಂದಿನದನ್ನು ತೀರ್ಮಾನಿಸಬಹುದು. ಕರುಳಿಗೆ ತೊಂದರೆ ಮಾಡಿದ ಇಪಿಲಿಮುಮ್ಯಾಬನ್ನು ಬಿಟ್ಟು, ನಿವೋಲುಮ್ಯಾಬ್ ಒಂದನ್ನೇ 480 ಮಿಲಿಗ್ರಾಮಿನಂತೆ ನಾಲ್ಕು ವಾರಕ್ಕೊಮ್ಮೆ ಹನ್ನೊಂದು ಸಲ ಕೊಡುವುದೆಂದಾಯಿತು. ಸ್ಟೀರಾಯ್ಡ್ ಪೂರ್ತಿ ನಿಂತ ಮೇಲೆ ಜುಲೈ 8ಕ್ಕೆ ಅದು ಶುರುವಾಯಿತು.

ಈ ನಡುವೆ ಮನೆಯಲ್ಲಿ ಆದದ್ದು ಬೇರೆ. 2025ರಲ್ಲಿ ಮಳೆ ಮೇ ತಿಂಗಳಲ್ಲೇ ಹಿಡಿದುಕೊಂಡಿತು. ಕೊಳೆರೋಗ ತಡೆಯಲು ಮಳೆಗೆ ಮುಂಚೆ ಅಡಿಕೆಗೊನೆಗಳಿಗೆ ಹೊಡೆಸಬೇಕಾದ ಮೈಲುತುತ್ತ-ಸುಣ್ಣದ ಮೊದಲ ಔಷಧಿ, ನಾವಿಬ್ಬರೂ ಬೆಂಗಳೂರಿನಲ್ಲಿ ಡಬ್ಬಿಯ ದ್ರವ ಅಳೆಯುತ್ತ ಕೂತಿದ್ದರಿಂದ, ತಪ್ಪಿಹೋಯಿತು. ಜುಲೈಯಲ್ಲಿ ಕೊಳೆ ಬಂತು. ಬಂದ ಮೇಲೆ ಹೊಡೆಸಿದ್ದು ಅರ್ಧಕ್ಕರ್ಧ ದಂಡ. ನಾನು ಜಗಲಿಯಲ್ಲಿ ಕಾಲು ಎತ್ತಿಟ್ಟುಕೊಂಡು ಕೂತು, ಮರ ಹತ್ತುವ ಕೊನೆಗೌಡ ಇಳಿಸಿದ ಕೊಳೆಗೊನೆಗಳನ್ನು ಅಂಗಳದಾಚೆಗೆ ಸಾಗಿಸುವುದನ್ನು ನೋಡುತ್ತಿದ್ದೆ. ಯಜಮಾನರು ಒಂದು ಮಾತೂ ಆಡಲಿಲ್ಲ.

ಹಚ್ಚಿದ ಚರ್ಮ ಹಿಮ್ಮಡಿಗೆ ಹಿಡಿದುಕೊಂಡಿದೆ. ಆದರೆ ಅಲ್ಲಿ ಸ್ಪರ್ಶಜ್ಞಾನವಿಲ್ಲ, ಕಲ್ಲು ಒತ್ತಿದರೂ ಗೊತ್ತಾಗದು, ಆದ್ದರಿಂದ ಮನೆಯೊಳಗೂ ಮೆತ್ತನೆಯ ಚಪ್ಪಲಿ. ಎಡಗಾಲು ಸಂಜೆಗೆ ಊದುತ್ತದೆ, ಬೆಳಿಗ್ಗೆ ಏಳುವ ಮೊದಲೇ ತೊಡೆಯವರೆಗಿನ ಬಿಗಿ ಕಾಲುಚೀಲ ಹಾಕಿಕೊಳ್ಳಬೇಕು, ಅದನ್ನು ಎಳೆದು ಏರಿಸಲು ಹತ್ತು ನಿಮಿಷ ಬೇಕು. ತೋಟಕ್ಕೆ ಬರುವ ಎಲ್ಲರಿಗೂ ಗಂಬೂಟು ತಂದಿಟ್ಟಿದ್ದೇನೆ. ಇದು ಬರಿಗಾಲಿನಿಂದ ಬರುವ ರೋಗವೆಂದು ಯಾರೂ ಹೇಳಿಲ್ಲ, ನನ್ನ ಸಮಾಧಾನಕ್ಕೆ ಅಷ್ಟೇ. ಅಡಿಕೆ ಸುಲಿಯಲು ಬರುವ ಆ ಹೆಂಗಸು ಮಾತ್ರ ಅದನ್ನು ಹಾಕುವುದಿಲ್ಲ, ಮೆಟ್ಟುಗತ್ತಿಯನ್ನು ಬೂಟಿನಲ್ಲಿ ಮೆಟ್ಟಲಾಗದು ಎನ್ನುತ್ತಾಳೆ; ಈ ಸಲದ ಸುಲಿತದಲ್ಲಿ ಅವಳೇ ಚಹಾದ ಲೋಟ ಕೆಳಗಿಟ್ಟು, “ಅಮ್ಮಾ, ಅಂಗಾಲು ತೋರಿಸಿ” ಎಂದು ನನ್ನ ಎರಡೂ ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು.

2025ರ ಡಿಸೆಂಬರ್ 23ಕ್ಕೆ ನಿವೋಲುಮ್ಯಾಬಿನ ಏಳನೆಯ ಡೋಸು ಮುಗಿದಿದೆ. ಅದೇ ತಿಂಗಳ ಸ್ಕ್ಯಾನಿನಲ್ಲಿ ಹೊಸ ಹೊಳಪೇನೂ ಇರಲಿಲ್ಲ. ಗಂಟಿಲ್ಲದ ತೊಡೆಸಂದಿಗೆ ಬೆರಳುಗಳು ರಾತ್ರಿ ಈಗಲೂ ಹೋಗುತ್ತವೆ. ಅಲ್ಲಿ ಹೊಲಿಗೆಯ ಗೆರೆ ಮಾತ್ರ ಸಿಗುತ್ತದೆ. ಎಂಟನೆಯದು 2026ರ ಜನವರಿ 20ರ ಮಂಗಳವಾರ. ಅದಕ್ಕೆ ಹಿಂದಿನ ಶನಿವಾರ ತೀರ್ಥಹಳ್ಳಿಯಲ್ಲಿ ರಕ್ತ ಕೊಟ್ಟು, ಥೈರಾಯ್ಡ್, ಪಿತ್ತಜನಕಾಂಗ, ಮೂತ್ರಪಿಂಡದ ವರದಿಗಳನ್ನು ಬೆಂಗಳೂರಿಗೆ ಕಳಿಸಬೇಕು. ಅಲ್ಲಿಂದ ಸರಿ ಎಂದು ಉತ್ತರ ಬಂದ ಮೇಲೆ ಯಜಮಾನರು ರೈಲಿನ ಟಿಕೆಟ್ ಮಾಡಿಸುತ್ತಾರೆ.